ಟಗರು ಹಿಡಿಯುವ ಪಟ್ಟು

"‘ಸೋತೆ ಮಾಸ್ಟರ್’ ಅನ್ನು, ಬಿಡ್ತೀನಿ."

ಶಾಲೆಯ ಮೈದಾನದಲ್ಲಿ ವಾಗೀಶ ಮಂಜುಳಾಳ ಮಣಿಕಟ್ಟು ತಿರುಚಿ ಹಿಡಿದಿದ್ದ. ಅವಳ ಮೊಣಕೈ ಆಕಾಶ ನೋಡುತ್ತಿತ್ತು.

ರಾಯದುರ್ಗದ ಕರಾಟೆ ಕ್ಲಾಸಿನಲ್ಲಿ ವಾಗೀಶ ಕಲಿತದ್ದು ಇದೊಂದೇ ಪಟ್ಟು. ಗುಮ್ಮಘಟ್ಟದ ಐದನೇ ಕ್ಲಾಸಿನವರ ಮೇಲೆಲ್ಲ ಅದನ್ನೇ ಹಾಕಿದ್ದ. ಎಲ್ಲರೂ ‘ಸೋತೆ ಮಾಸ್ಟರ್’ ಅಂದಿದ್ದರು. ಉಳಿದವಳು ಮಂಜುಳಾ ಒಬ್ಬಳೇ. ನಿನ್ನೆ ಅವಳ ಮೇಲೂ ಹಾಕಿದ್ದ, ಅಷ್ಟರಲ್ಲಿ ಬೆಲ್ ಹೊಡೆದದ್ದರಿಂದ ಬಚಾವಾಗಿದ್ದಳು.

"ಅನ್ನಲ್ಲ," ಎಂದು ಕೈ ಎಳೆದುಕೊಂಡಳು. ಎಳೆದಷ್ಟೂ ನೋವು ಹೆಚ್ಚಾಯಿತು.

"ಅಂದುಬಿಡೇ," ಅಂದಳು ಗೆಳತಿ ಭುವನಾ. "ನಾನೂ ಅಂದೀನಿ. ಅಂದ್ರ ಮುತ್ತೇನ್ ಉದುರ್ತಾವ?"

ಮಂಜುಳಾಗೆ ಸಿಟ್ಟು ನೆತ್ತಿಗೇರಿತು. ಅವರ ಮನೆಯಲ್ಲಿ ಕುರಿಗಳಿಗೆ ಔಷಧ ಕುಡಿಸುವ ದಿನ ಕುರಿ ಹಿಡಿಯುವವಳು ಅವಳೇ. ಅಪ್ಪ ಬೊಮ್ಮಪ್ಪ ಆಗೆಲ್ಲ ಬೈಯುತ್ತಿದ್ದ: "ಟಗರು ಎಳದ್ರ ನೀ ಎಳೀಬ್ಯಾಡ. ಅದು ಎಳದ ಕಡೀಗೇ ಹೋಗು. ಹೋಗಿ ಕಾಲು ಹಿಡಿ."

ಮಂಜುಳಾ ಎಳೆಯುವುದನ್ನು ಬಿಟ್ಟಳು. ವಾಗೀಶ ತಿರುಚಿದ ಕಡೆಗೇ ತಿರುಗಿ ದೊಪ್ಪನೆ ನೆಲಕ್ಕೆ ಕೂತಳು. ಅವನೂ ಬಗ್ಗಿದ. ಹಿಡಿತ ಸಡಿಲವಾಯಿತು. ಇನ್ನೊಂದು ಕೈಯಿಂದ ಅವನ ಹಿಮ್ಮಡಿ ಹಿಡಿದು ಎಳೆದಳು.

ವಾಗೀಶ ಮಾಸ್ಟರ್ ಅಂಗಾತ ಬಿದ್ದರು. ಅವರ ಕಾಲನ್ನು ಮಂಜುಳಾ ತನ್ನ ಮೊಣಕಾಲುಗಳ ನಡುವೆ ಸಿಕ್ಕಿಸಿ, ಪಾದವನ್ನು ಎರಡೂ ಕೈಯಲ್ಲಿ ಅಮುಕಿದಳು. ಒದ್ದಾಡಿದಷ್ಟೂ ಹಿಡಿತ ಬಿಗಿಯಾಯಿತು.

ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಕಾಲು ಕೈಗೆ ಸಿಕ್ಕ ಮೇಲೆ ಗೊರಸು ನೋಡದೆ ಬಿಡುವ ರೂಢಿ ಮಂಜುಳಾಳ ಮನೆಯಲ್ಲೇ ಇಲ್ಲ. ಅವಳು ವಾಗೀಶನ ಚಪ್ಪಲಿ ಕಿತ್ತೆಸೆದು, ಬೆರಳು ಬಿಡಿಸಿ ಬಿಡಿಸಿ ಮುಳ್ಳು ಹುಡುಕತೊಡಗಿದಳು.

"ಏನ್ ಮಾಡಾಕತ್ತೀಯೇ? ಕಚಗುಳಿ ಆಗ್ತೈತಿ, ಬಿಡೇ."

"ಸುಮ್ನ ಇರು. ಗೊರಸಿನಾಗ ಬರೀ ಕೊಳೆ."

ಮೈದಾನವೆಲ್ಲ ಬಿದ್ದು ಬಿದ್ದು ನಕ್ಕಿತು.

"ಔಷಧಾನೂ ಕುಡ್ಸಿಬಿಡೇ," ಯಾರೋ ಕೂಗಿದರು.

"ಮೊದ್ಲು ‘ಸೋತೆ’ ಅನ್ಸು," ಅಂದಳು ಭುವನಾ.

ಮಂಜುಳಾ ಪಾದವನ್ನು ಸ್ವಲ್ಪ ತಿರುವಿದಳು. "ಅನ್ನು."

ವಾಗೀಶ ಮಂಜುಳಾಳನ್ನು ನೋಡುತ್ತಿರಲಿಲ್ಲ, ಸುತ್ತ ನಗುತ್ತಿದ್ದ ಮುಖಗಳನ್ನು ನೋಡುತ್ತಿದ್ದ. ಕಣ್ಣು ತುಂಬಿತ್ತು.

ಮಂಜುಳಾಳ ಮಣಿಕಟ್ಟು ಇನ್ನೂ ಉರಿಯುತ್ತಿತ್ತು. ಆದರೆ ನಿನ್ನೆ ಅವಳಿಗೆ ಅಳು ಬಂದದ್ದು ಆ ಉರಿಯಿಂದಲ್ಲ. ಇದೇ ಮುಖಗಳು ನಕ್ಕದ್ದರಿಂದ.

ಅವಳು ಮೊಣಕಾಲು ಸಡಿಲಿಸಿದಳು.

"ಯಾಕ ಬಿಟ್ಟಿ? ಅವ ಅನ್ನಲೇ ಇಲ್ಲಲ್ಲ," ಭುವನಾ ಕೇಳಿದಳು.

"ಅಂದ," ಅಂದಳು ಮಂಜುಳಾ, ಲಂಗದ ಮಣ್ಣು ಕೊಡವುತ್ತ. "ನಿಂಗ ಕೇಳಿಸ್ಲಿಲ್ಲ."

ವಾಗೀಶ ಒಂಟಿ ಚಪ್ಪಲಿಯಲ್ಲಿ ನಿಂತು ಅವಳನ್ನೇ ನೋಡಿದ.