ವೇಷ ಹಾಕಿದ ಅಪಘಾತ

"ನಾನು ಬಾಯಿ ಬಿಟ್ಟಿಲ್ಲಮ್ಮ. ಆದರೂ ಕೋರ್ಸಿಂದ ನನ್ನನ್ನೇ ತೆಗೀತಿದಾರೆ," ಎಂದಳು ನರ್ಸ್. ನನ್ನ ದೊಡ್ಡಮ್ಮ ವಕೀಲಿ ಬಿಟ್ಟು ಬಹಳ ಕಾಲವಾಗಿದ್ದರೂ ಕಷ್ಟದಲ್ಲಿರುವವರು ನಮ್ಮ ಕರೆಗಂಟೆ ಒತ್ತುವುದು ತಪ್ಪಿರಲಿಲ್ಲ. ಬಾಗಿಲು ತೆಗೆಯುವ ಬಿಟ್ಟಿ ಚಾಕರಿ ನನ್ನದು.

ಕೆಲಸದಲ್ಲಿರುವವರಿಗಾಗಿ ಭಾನುವಾರ ನಡೆಯುವ ಎಂಬಿಎ ತರಗತಿ ಅದು. ಪ್ರತಿಯೊಬ್ಬರೂ ತಮ್ಮ ಸಂಸ್ಥೆಯ ಒಂದು ಸಂಕಟವನ್ನು, ಗುರುತು ಸಿಗದಂತೆ ವೇಷ ಹಾಕಿ, ಚರ್ಚೆಗೆ ಇಡಬೇಕು. ಕೇಳಿದ್ದು ಕೋಣೆ ದಾಟಬಾರದು. ಕಾರ್ಖಾನೆಯೊಂದರ ಸುರಕ್ಷತಾ ಅಧಿಕಾರಿಯಾಗಿದ್ದ ಯುವಕ ಬೇಕರಿಯ ಕತೆ ಹೇಳಿದ್ದ: ಒಲೆಯ ಮುಚ್ಚಳ ಕೆಟ್ಟಿದೆ, ಇಬ್ಬರ ಕೈ ಸುಟ್ಟಿದೆ, ಯಜಮಾನ ಕಿವಿಗೆ ಹಾಕಿಕೊಳ್ಳುತ್ತಿಲ್ಲ. ಅದೇ ವಾರ ಅವನ ಕೆಲಸ ಹೋಯಿತು. ಕ್ಲಾಸಿನಲ್ಲಿ ನಮ್ಮ ಮಾನ ಕಳೆದೆ ಎಂದರಂತೆ ಕಾರ್ಖಾನೆಯ ಯಜಮಾನರು. ಅವರು ನರ್ಸಿನ ಆಸ್ಪತ್ರೆಯ ಟ್ರಸ್ಟಿಯೂ ಹೌದು. ಹೆಡ್ ನರ್ಸ್ ಹುದ್ದೆಯ ಆಸೆಗೆ ಇವಳೇ ಚಾಡಿ ಹೇಳಿದಳೆಂದು ಎಲ್ಲರೂ ತೀರ್ಮಾನಿಸಿದ್ದರು. ಕೋರ್ಸಿನಿಂದ ಹೊರಬಿದ್ದರೆ ಅವಳಿಗೆ ಪದವಿಯೂ ಇಲ್ಲ, ಹುದ್ದೆಯೂ ಇಲ್ಲ.

ಮರುದಿನ ಆ ತರಗತಿ ನಡೆಸುವ ಪ್ರೊಫೆಸರನ್ನು ಕಂಡೆವು. ಆ ಯಜಮಾನರ ಮುಖವನ್ನೂ ತಾವು ನೋಡಿಲ್ಲ ಎಂದರು. "ಒಂದು ಜೀವ ಹೋಗಿರೋ ವಿಷಯ. ಹೀಗೆ ಚಾಡಿಗೆ ಸಿಕ್ಕಬಾರದಿತ್ತು," ಎಂದು ನಿಟ್ಟುಸಿರಿಟ್ಟರು. ಎಂಥ ದೊಡ್ಡ ಮನಸ್ಸು ಎಂದು ನಾನು ಕರಗಿಯೇ ಹೋದೆ.

ಭಾನುವಾರ ದೊಡ್ಡಮ್ಮ ನರ್ಸ್, ಯುವಕ, ಪ್ರೊಫೆಸರ್ ಮೂವರನ್ನೂ ತರಗತಿಯಲ್ಲಿ ಕೂರಿಸಿದರು. ಬೇಕರಿಯಲ್ಲಿ ಎಷ್ಟು ಜನ ಸತ್ತರೆಂದು ನರ್ಸನ್ನು ಕೇಳಿದರು. ಯಾರೂ ಇಲ್ಲ, ಎಂದಳು ಆಕೆ ಗಾಬರಿಯಿಂದ. ಕಾರ್ಖಾನೆಯಲ್ಲಿ? ಒಬ್ಬ, ಎಂದ ಯುವಕ ತಲೆ ತಗ್ಗಿಸಿ. ಬೇರೆ ಯಾರೂ ಇಲ್ಲದ ರಾತ್ರಿ ಬಾಯ್ಲರಿನ ಮುಚ್ಚಳ ಸಿಡಿದು ತಲೆಗೆ ಬಡಿದು ಕೆಲಸಗಾರನೊಬ್ಬ ಸತ್ತಿದ್ದ. ಮೆಟ್ಟಿಲಿನಿಂದ ಜಾರಿ ಬಿದ್ದನೆಂದು ಯಜಮಾನರು ಮುಚ್ಚಿಹಾಕಿದ್ದರು. ಅದು ಯಜಮಾನರಿಗೆ ಮತ್ತು ಈ ಯುವಕನಿಗೆ ಬಿಟ್ಟು ಯಾರಿಗೂ ತಿಳಿಯದು.

"ಕತೆಗೆ ವೇಷ ಹಾಕೋದು ಕಲಿಸಿದವರು ನೀವೇ," ಎಂದರು ದೊಡ್ಡಮ್ಮ ಪ್ರೊಫೆಸರಿಗೆ. "ಈ ಹುಡುಗ ಬಾಯ್ಲರನ್ನ ಒಲೆ ಮಾಡಿದ, ಸಾವನ್ನ ಸುಟ್ಟ ಗಾಯ ಮಾಡಿದ. ಇಲ್ಲಿ ಯಾರೂ ಕೇಳದ ಸಾವು ನಿಮಗೆ ಹೇಗೆ ಗೊತ್ತಾಯ್ತು? ಇವನು ಹೇಳಿಲ್ಲ. ಉಳಿದವರು ಯಜಮಾನರು. ಅವರ ಮುಖಾನೇ ನೋಡಿಲ್ಲ ಅಂತ ಯಾಕೆ ಸುಳ್ಳು ಹೇಳಿದ್ರಿ?"

ಪ್ರೊಫೆಸರ್ ಕೊನೆಗೆ ಒಪ್ಪಿಕೊಂಡರು. ಕಾರ್ಖಾನೆಯ ಅಧಿಕಾರಿಗಳನ್ನೆಲ್ಲ ಈ ಕೋರ್ಸಿಗೆ ಕಳಿಸುವ ಮಾತು ನಡೆದಿತ್ತು. ಯಜಮಾನರನ್ನು ಮೆಚ್ಚಿಸಲು ಹೋಗಿ ಯುವಕನ ಬೇಕರಿ ಕತೆಯನ್ನೆಲ್ಲ ಹೇಳಿದ್ದರು. ಸಿಟ್ಟಿನ ಭರದಲ್ಲಿ ಯಜಮಾನರ ಬಾಯಿಂದ ಸಾವಿನ ಸಂಗತಿ ಹೊರಬಿದ್ದಿತ್ತು. ನರ್ಸ್ ಇನ್ನು ತರಗತಿಗೆ ಬರಬಹುದು ಎಂದು ಪ್ರೊಫೆಸರ್ ಗೊಣಗಿದರು.

ಆಕೆ ಯುವಕನ ಕಡೆ ತಿರುಗಿದ್ದಳು. "ಸತ್ತವರ ಮನೇಲಿ ಯಾರಿದಾರೆ?"

"ಹೆಂಡ್ತಿ. ಜಾರಿಬಿದ್ದ ಅಂತಲೇ ನಂಬಿದಾರೆ."

ನನಗೆ ಅವನ ಮುಖ ನೋಡಲಾಗಲಿಲ್ಲ. ನರ್ಸ್ ಚೀಲ ಹೆಗಲಿಗೇರಿಸಿ ಎದ್ದಳು.

"ಕ್ಲಾಸಿನ ಮಾತನ್ನ ನಾನು ಹೊರಗೆ ಹೇಳಿರಲಿಲ್ಲ ಸರ್," ಎಂದಳು. "ಈಗ ಹೇಳೋಕೆ ಹೋಗ್ತಿದೀನಿ."

ಯುವಕ ಅವಳ ಹಿಂದೆಯೇ ಎದ್ದು ನಡೆದ.