ಅಕ್ಕೋಳದಲ್ಲಿ ಕಳುವಾದ ಗಾದಿ

ಮಂಚ ಇತ್ತು. ಗಾದಿ ಇರಲಿಲ್ಲ.

ಮುಗಳಖೋಡದ ಮದುವೆ ಮುಗಿಸಿ ಸಂಜೆ ಅಕ್ಕೋಳದ ಮನೆಗೆ ಮರಳಿದ ಬಾಬಾಸಾಹೇಬ ಖೋತ, ತಾಯಿಯ ಕೋಣೆಯ ದೀಪ ಹಾಕಿ ಹಾಗೇ ನಿಂತುಬಿಟ್ಟ. ಮಂಚದ ಮೇಲೆ ಬರೀ ಹಲಗೆ. ಹಿತ್ತಲ ಬಾಗಿಲು ಹಾರು ಹೊಡೆದಿತ್ತು.

ಹೆಂಡತಿ ಸುಂದರಾ ಎದೆ ಹಿಡಿದುಕೊಂಡು ತಿಜೋರಿಗೆ ಓಡಿದಳು. ಬಂಗಾರ ಇದ್ದಲ್ಲೇ ಇತ್ತು. ಟಿವಿ ಇತ್ತು. ಗ್ಯಾಸಿನ ಸಿಲಿಂಡರ್ ಇತ್ತು. ಹಿತ್ತಾಳೆಯ ಹಂಡೆ ಸಹ ಕದಲಿರಲಿಲ್ಲ. ಹೋದದ್ದು ಗಾದಿ ಒಂದೇ.

ಮುದುಕಿ ಲಕ್ಕವ್ವ ಕೋಲೂರಿಕೊಂಡು ಒಳಗೆ ಬಂದಳು. ಬಾಬಾಸಾಹೇಬನ ತಾಯಿ, ಆ ಗಾದಿಯ ಒಡತಿ. ಖಾಲಿ ಮಂಚವನ್ನು ಮೇಲಿಂದ ಕೆಳಗೆ ನೋಡಿದಳು.

"ಪೀಡಾ ತೊಲಗಿತು," ಎಂದಳು.

*

ಮರುದಿನ ಬೆಳಿಗ್ಗೆ ಪಿಎಸ್‌ಐ ಉಜ್ವಲಾ ಕಾಂಬಳೆ ಜೀಪಿನಿಂದ ಸೊಂಟ ಹಿಡಿದುಕೊಂಡೇ ಇಳಿದಳು. ನಿಪ್ಪಾಣಿಗೆ ವರ್ಗವಾಗಿ ಬಂದಾಗಿನಿಂದ ಅವಳಿಗೆ ಬೆನ್ನುನೋವು. ಬಾಡಿಗೆ ಮನೆಯ ಹಳೇ ಹಾಸಿಗೆ ನಡುವೆ ಕುಸಿದು ದೋಣಿಯಂತಾಗಿತ್ತು. ಬೆಳಗಾದರೆ ಮಲಗಿ ಎದ್ದಂತಿರಲಿಲ್ಲ, ಕುಸ್ತಿ ಆಡಿ ಎದ್ದಂತಿರುತ್ತಿತ್ತು. ಹೊಸದೊಂದು ಕೊಳ್ಳಬೇಕೆಂದು ನಾರಿನದು, ಸ್ಪ್ರಿಂಗಿನದು, ಫೋಮಿನದು ಎಂದು ಕಂಡವರನ್ನೆಲ್ಲ ವಿಚಾರಿಸುತ್ತಿದ್ದಳು. ಈಗ ನೋಡಿದರೆ ಗಾದಿಯ ಕಳುವೇ ಅವಳ ಪಾಲಿಗೆ ಬಂದಿತ್ತು.

"ಗಾದಿ ಹುಡುಕಾಕ ಹೊಂಟಿದ್ರಿ ಮ್ಯಾಡಮ್, ದೇವರು ಕೆಲಸಾನೂ ಅದನ್ನ ಕೊಟ್ಟಾನ ನೋಡ್ರಿ," ಎಂದ ಹವಾಲ್ದಾರ ಜ್ಞಾನದೇವ.

"ನಗಬ್ಯಾಡ್ರಿ. ಬರ್ಕೋರಿ."

ಬಾಬಾಸಾಹೇಬ ಕತೆ ಹೇಳಿದ. ಅವ್ವ ಬಚ್ಚಲಲ್ಲಿ ಜಾರಿ ಬಿದ್ದಿದ್ದಳು. ಸೊಂಟಕ್ಕೆ ಆಸರೆ ಕೊಡುವ ಹಾಸಿಗೆ ಬೇಕೆಂದು ಚಿಕ್ಕೋಡಿಯ ಡಾಕ್ಟರು ಹೇಳಿದ್ದರು. ನಿಪ್ಪಾಣಿಯ ರೂಪೇಶನ ಅಂಗಡಿಯಲ್ಲಿ ಎಲ್ಲಕ್ಕಿಂತ ದುಬಾರಿಯದನ್ನೇ ಆರಿಸಿ ತಂದ. ಅದರ ಹೆಸರು ಆರ್ಗ್ಯಾನಿಕ್ ಲ್ಯಾಟೆಕ್ಸ್ ಹೈಬ್ರಿಡ್. ಮೇಲೆ ರಬ್ಬರ್ ಮರದ ಹಾಲಿನ ಹೆಪ್ಪು, ಕೆಳಗೆ ಸ್ಪ್ರಿಂಗು, ಹೊರಗೆ ಹತ್ತಿ-ಉಣ್ಣೆಯ ಕವರು. ಆದರೂ ಅವ್ವನಿಗೆ ಅದು ಸೇರಲಿಲ್ಲ.

"ಮತ್ತ ಅವ್ವಗ ಯಾಕ ಸೇರಲಿಲ್ಲ?"

ಲಕ್ಕವ್ವ ತಾನೇ ಉತ್ತರಿಸಿದಳು. "ಮೈ ಎಲ್ಲಾ ಸುಡತಿತ್ತ ತಂಗಿ. ಮಲಗಿದ್ರ ತೆಗ್ಗಿನ್ಯಾಗ ಬಿದ್ದಂಗ. ಮಗ್ಗಲ ಬದಲಸಾಕ ಇಬ್ಬರು ಎಳೀಬೇಕು. ಒಯ್ದು ಬಾವ್ಯಾಗ ಹಾಕ್ರಿ ಅಂತ ನಾನs ಬಡಕೊಂಡಿದ್ದೆ."

"ಹಾಕಸಿದ್ರೇನ?"

"ಹಾಕಸಿದ್ರ ಬಾವೀನ ತುಂಬತಿತ್ತಲ್ಲವಾ. ನೋಡಿ ಬಾ ಹೋಗು!"

ಜ್ಞಾನದೇವ ನಿಜಕ್ಕೂ ಹೋಗಿ ಬಾವಿ ಇಣುಕಿ ಬಂದ. ನೀರಿನಲ್ಲಿ ಒಂದು ಕಪ್ಪೆ ಮಾತ್ರ ಇತ್ತು.

"ಮ್ಯಾಡಮ್, ಕಳ್ಳ ಯಾರಂತ ನನಗ ಗೊತ್ತೈತಿ," ಬಾಬಾಸಾಹೇಬ ದನಿ ತಗ್ಗಿಸಿದ. "ಕಾಮಣ್ಣ. ಗಾದಿ ಹೊಲಿಯಾಂವ. ನಮ್ಮಪ್ಪನ ಕಾಲದಿಂದ ನಮ್ಮನಿ ಗಾದಿ ಅವನs ಮಾಡತಿದ್ದ. ಈ ಸರ್ತಿ ಅವನ ಕಡೆ ಹೋಗಲಿಲ್ಲಂತ ಸಿಟ್ಟು. 'ಆ ರಬ್ಬರ್ ಗಾದಿ ನಿಮ್ಮನ್ಯಾಗ ಭಾಳ ದಿನಾ ಬಾಳಂಗಿಲ್ಲ' ಅಂತ ಚಹಾದಂಗಡ್ಯಾಗ ನಾಲ್ಕ ಮಂದಿ ಮುಂದ ಅಂದಾನ. ಅವನ್ನ ಒಳಗ ಹಾಕ್ರಿ."

ಉಜ್ವಲಾ ಹಿತ್ತಲಿಗೆ ನಡೆದಳು. ಬಾಗಿಲಿನ ಅಗುಳಿ ಹಳೆಯದು. ಪಕ್ಕದ ಕಿಟಕಿಯಿಂದ ಕಡ್ಡಿ ತೂರಿಸಿದರೆ ತೆರೆಯುವಂಥದ್ದು. ಆದರೆ ಅದು ಒಳಗೆ ಬಂದು ನೋಡಿದವರಿಗೆ ಮಾತ್ರ ತಿಳಿಯುವ ಮಾತು. ಚೌಕಟ್ಟಿನ ಮೊಳೆಗೆ ಬಿಳಿ ಬಟ್ಟೆಯ ಚೂರೊಂದು ಸಿಕ್ಕಿತ್ತು. ಅದಕ್ಕೆ ಅಂಟಿಕೊಂಡು ಹಳದಿ ತುಣುಕು. ಬೆರಳಲ್ಲಿ ಉಜ್ಜಿದಳು. ರವೆಯಂತೆ ಪುಡಿಯಾಯಿತು. ಉಳಿದದ್ದನ್ನು ಕಾಗದದಲ್ಲಿ ಸುತ್ತಿಟ್ಟಳು.

ಹಿತ್ತಲ ಆಚೆ ಕಬ್ಬಿನ ಗದ್ದೆ. ಹಿಂದಿನ ದಿನ ನೀರು ಹಾಯಿಸಿದ್ದ ಬದುವಿನ ಮೇಲೆ ಬೂಟಿನ ಹೆಜ್ಜೆಗಳು ಒಂದೇ ಸಾಲಾಗಿ ಹೊರಟು, ಗಾಡಿ ದಾರಿಗೆ ಸೇರಿದ್ದವು. ಅಲ್ಲಿ ಟೆಂಪೋದ ಚಕ್ರದ ಗುರುತು.

"ಒಬ್ಬನs ಮ್ಯಾಡಮ್," ಎಂದ ಜ್ಞಾನದೇವ. "ಎಲ್ಲೂ ಎಡವಿಲ್ಲ, ಎಲ್ಲೂ ಇಳಿಸಿಲ್ಲ. ಸರಳ ಹೊತಗೊಂಡ ಹೋಗ್ಯಾನ."

"ನೀವು ಲಗ್ನಕ್ಕ ಹೋಗೂದು ಯಾರಿಗೆ ಗೊತ್ತಿತ್ತು?" ಉಜ್ವಲಾ ಬಾಬಾಸಾಹೇಬನನ್ನು ಕೇಳಿದಳು.

"ಊರಿಗೆಲ್ಲಾ ಗೊತ್ತಿತ್ರಿ. ಕಾಮಣ್ಣಗೂ ಗೊತ್ತು."

"ಊರ ಹೊರಗಿನವರಿಗೆ?"

"ಯಾರಿಗೂ ಇಲ್ಲ... ಹಾಂ, ರೂಪೇಶಗ ಹೇಳಿದ್ದೆ. ಅವ್ವನ ಕಿರಿಕಿರಿ ತಾಳಲಾರದ ನಾನs ಕಂಪನಿಗೆ ಫೋನ್ ಹಚ್ಚಿದ್ದೆ. ಅವರ ಮನಿಶ್ಯಾ ಇವತ್ತ ಬಂದು ಗಾದಿ ನೋಡ್ತಾನ ಅಂದ್ರು. 'ಇವತ್ತ ನಾವು ಇರಂಗಿಲ್ಲ, ಮುಗಳಖೋಡಕ್ಕ ಹೊಕ್ಕೇವಿ, ನಾಳೆ ನೀವೂ ಬರ್ರಿ' ಅಂತ ನಿನ್ನೆ ಮುಂಜಾನೆ ರೂಪೇಶಗ ಹೇಳಿದೆ. ಪಾಪ, ಅವ ಭಾಳ ಒಳ್ಳೆಯವ ರೀ."

*

ಕಾಮಣ್ಣನ ಮನೆ ಮುಂದೆ ಜನ ಸೇರಿತ್ತು. ಪಡಸಾಲೆಯಲ್ಲಿ ತಾಡಪತ್ರಿ ಹೊದಿಸಿದ ದೊಡ್ಡ ಗುಡ್ಡೆ. ನಿನ್ನೆ ಸಂಜೆ ಗಾಡಿಯಲ್ಲಿ ಬಂದದ್ದೆಂದು ಪಕ್ಕದ ಮನೆಯವರೇ ಹೇಳಿದರು. ಬಾಬಾಸಾಹೇಬ ಪೊಲೀಸರಿಗಿಂತ ಮುಂದೆ ನುಗ್ಗಿ ತಾಡಪತ್ರಿ ಕಿತ್ತೆಸೆದ.

ಹತ್ತಿ. ಬೆಳ್ಳನೆಯ ಹತ್ತಿ. ಗಾಳಿಗೆ ಒಂದಿಷ್ಟು ಹಾರಿ ಬಾಬಾಸಾಹೇಬನ ಮೀಸೆಗೆ ಅಂಟಿತು.

ಕಾಮಣ್ಣ ಎದ್ದು ನಿಂತ. ಸಣಕಲು ಮನುಷ್ಯ. ಕಣ್ಣಲ್ಲಿ ನೀರು ತುಂಬಿತ್ತು, ಮಾತಿನಲ್ಲಿ ಬೆಂಕಿ.

"ನಿಮ್ಮಪ್ಪ ಸತ್ತಾಗ ಅವನ ತಲಿ ಕೆಳಗಿದ್ದ ದಿಂಬು ನಾ ಹೊಲದದ್ದು. ನೀ ತೊಟ್ಟಲದಾಗ ಮಲಗಿದ್ದು ನಾ ಹೊಲದ ಗಾದಿ ಮ್ಯಾಲ. ಇವತ್ತ ಪೊಲೀಸರನ್ನ ಕರಕೊಂಡ ಬಂದೀ, ಹೌದಿಲ್ಲೋ?"

"ಮತ್ತ ಬಾಳಂಗಿಲ್ಲ ಅಂತ ಯಾಕಂದಿ?"

"ಮುದುಕಿಗೆ ಸೇರಲಾರದ್ದು ಎಷ್ಟ ದಿನಾ ಬಾಳತೈತಿ? ಅದಕ್ಕಂದೆ."

ನಿನ್ನೆ ಇಡೀ ದಿನ ಕಾಮಣ್ಣ ಚಿಕ್ಕೋಡಿಯಲ್ಲಿ ಹತ್ತಿ ಹಿಂಜಿಸುತ್ತಿದ್ದ. ಜ್ಞಾನದೇವ ಫೋನು ಹಚ್ಚಿ ಗಿರಣಿಯವರನ್ನು ವಿಚಾರಿಸಿದ. ಮಾತು ಸರಿಯಾಗಿತ್ತು. ಆದರೂ ಬಾಬಾಸಾಹೇಬನ ಮುಖದ ಸಂಶಯ ಹೋಗಲಿಲ್ಲ. ಸುತ್ತ ನಿಂತವರ ಮುಖದಲ್ಲೂ ಅದೇ. ಕಳ್ಳ ಸಿಗದಿದ್ದರೆ ಈ ಊರಿನಲ್ಲಿ ಕಾಮಣ್ಣನ ಸೂಜಿಗೆ ಇನ್ನು ಕೆಲಸವಿಲ್ಲ ಎಂದು ಉಜ್ವಲಾಗೆ ತಿಳಿಯಿತು.

*

ರೂಪೇಶನ ಅಂಗಡಿ ನಿಪ್ಪಾಣಿಯ ಪೇಟೆಯಲ್ಲಿ ಝಗಝಗ ಹೊಳೆಯುತ್ತಿತ್ತು. ಅವನೂ ಹೊಳೆಯುತ್ತಿದ್ದ. ಇಸ್ತ್ರಿ ಅಂಗಿ, ಅತ್ತರು, ಬಾಯಿತುಂಬ ನಗು.

"ಯಾ ಮ್ಯಾಡಮ್, ಯಾ, ಒಳಗ ಬರ್ರಿ! ಬಾಬಾಸಾಹೇಬರ ಸುದ್ದಿ ಕೇಳಿ ಭಾಳ ಕೆಟ್ಟನಸ್ತು. ಆದ್ರ ಟೆನ್ಶನ್ ಬ್ಯಾಡ. ನಾನs ಒಂದು ಹೊಸ ಗಾದಿ ಫುಕಟ್ ಕೊಡ್ತೇನಿ ಅಂದೇನಿ. ಕಂಪನಿಗೆ, ಪೇಪರಿಗೆ ಯಾಕ ಸುದ್ದಿ? ಮನಿ ಮಾತು ಮನ್ಯಾಗ ಇರಲಿ."

"ಅದಿರಲಿ. ನನಗೂ ಒಂದು ಬೇಕು. ಅಂಥಾದ್ದs ತೋರಸ್ರಿ."

ಗಿರಾಕಿ ಸಿಕ್ಕದ್ದೇ ತಡ, ರೂಪೇಶ ಕಳುವನ್ನು ಮರೆತ. ಮೂಲೆಯ ಮಂಚದ ಮೇಲೆ ಅಸಲಿ ಗಾದಿ ಇತ್ತು. ಉಜ್ವಲಾ ಬೂಟು ಬಿಚ್ಚಿ ಮಲಗಿದಳು. ಗಾದಿ ಮೊದಲು ಸ್ವಲ್ಪ ಜಗ್ಗಿತು, ಆಮೇಲೆ ಕೆಳಗಿನಿಂದ ಅಂಗೈ ಕೊಟ್ಟಂತೆ ಸೊಂಟವನ್ನು ಎತ್ತಿ ಹಿಡಿಯಿತು. ಹೊರಳಿದಳು. ಯಾರೂ ಎಳೆಯಬೇಕಾಗಲಿಲ್ಲ. ಹೊರಗೆ ರಣಬಿಸಿಲು, ಬೆನ್ನಿನ ಕೆಳಗೆ ಮಾತ್ರ ತಂಪು. ಕಣ್ಣು ತಾನಾಗಿ ಮುಚ್ಚಿತು.

"ಮ್ಯಾಡಮ್," ಜ್ಞಾನದೇವ ಕೆಮ್ಮಿದ. "ಡ್ಯೂಟಿ."

ಉಜ್ವಲಾ ಎದ್ದು ಕೂತಳು. ತಲೆಯಲ್ಲಿ ಏನೋ ಕಟಕ್ ಎಂದಿತು. ಮೈ ಸುಡುವುದೆಲ್ಲಿ? ತೆಗ್ಗು ಎಲ್ಲಿ? ಲಕ್ಕವ್ವ ಸುಳ್ಳು ಹೇಳುವ ಹೆಂಗಸಲ್ಲ. ಹಾಗಾದರೆ ಸುಳ್ಳು ಹೇಳಿದ್ದು ಯಾರು?

"ಇದರ ಹೊಟ್ಯಾಗ ಏನೈತಿ?"

ರೂಪೇಶ ಅಂಗೈಯಗಲದ ಮಾದರಿ ತುಂಡು ತೋರಿಸಿದ. ಜರಡಿಯಂತೆ ಸಣ್ಣ ಸಣ್ಣ ತೂತು. "ಈ ತೂತಿನ್ಯಾಗಿಂದ ಗಾಳಿ ಆಡತೈತ್ರಿ. ಹಿಚುಕ್ರಿ, ಜಗ್ಗರಿ, ಏನೂ ಆಗಂಗಿಲ್ಲ."

ಉಜ್ವಲಾ ಉಗುರು ಹಾಕಿ ಉಜ್ಜಿದಳು. ಒಂದು ಕಣವೂ ಉದುರಲಿಲ್ಲ.

"ಹಗರ ಇರಬೇಕಲ್ಲ? ನಾ ಒಬ್ಬಾಕಿನs ಇರಾಕಿ. ಎತ್ತಿ ಹಾಕಾಕ ಬರಬೇಕು."

"ಹಗರ?" ರೂಪೇಶ ಎದೆಯುಬ್ಬಿಸಿದ. "ಮ್ಯಾಡಮ್, ಖರೇ ಲ್ಯಾಟೆಕ್ಸ್ ಅಂದ್ರ ಹೆಣಭಾರ. ಪೈಲ್ವಾನ ಬಂದ್ರೂ ಒಬ್ಬಗ ಬಗ್ಗಂಗಿಲ್ಲ. ಒಬ್ಬನs ಎತ್ತಿದಾ ಅಂದ್ರ ಆ ಮಾಲು ಡುಪ್ಲಿಕೇಟ್ ಅಂತ ತಿಳೀರಿ!"

ಉಜ್ವಲಾ ಜ್ಞಾನದೇವನ ಕಡೆ ನೋಡಿದಳು. ಅವನು ಕುಸ್ತಿ ಅಖಾಡದಲ್ಲಿ ಬೆಳೆದವನು. ತೋಳು ಮಡಚಿ ಗಾದಿಗೆ ಕೈಹಾಕಿದ. ಒಂದು ತುದಿ ಎದ್ದಿತು, ಇನ್ನೊಂದು ಜೋತುಬಿತ್ತು. ಹಾವಿನಂತೆ ಬಳುಕಿ ಅವನ ಮೇಲೆಯೇ ಮಗುಚಿತು. ಗಾದಿಯ ಕೆಳಗಿನಿಂದ ಹವಾಲ್ದಾರನ ಟೊಪ್ಪಿಗೆ ಮಾತ್ರ ಉರುಳಿ ಹೊರಬಂತು.

ಉಜ್ವಲಾ ಮನಸಾರೆ ನಕ್ಕಳು. ನಗುತ್ತಲೇ ಕೇಳಿದಳು. "ನಿಮ್ಮ ಗೋಡೌನ್ ಎಲ್ಲೈತಿ ರೂಪೇಶ?"

ನಗು ರೂಪೇಶನ ತುಟಿಯಲ್ಲಿ ಉಳಿಯಿತು. ಕಣ್ಣಿನಿಂದ ಇಳಿದುಹೋಯಿತು.

*

ಮಧ್ಯಾಹ್ನ ಬಾಬಾಸಾಹೇಬನ ಅಂಗಳದಲ್ಲಿ ಅರ್ಧ ಊರು ನೆರೆದಿತ್ತು. ಉಜ್ವಲಾ ಕಾಮಣ್ಣನನ್ನೂ ಕರೆಸಿದ್ದಳು. ರೂಪೇಶ ಜೀಪಿನ ಪಕ್ಕ ಬೆವರು ಒರೆಸಿಕೊಳ್ಳುತ್ತ ನಿಂತಿದ್ದ. ಪಂಚರ ಸಮಕ್ಷಮ ಗೋಡೌನಿನಲ್ಲಿ ಸಿಕ್ಕ ಗಾದಿಯೊಂದನ್ನು ಜ್ಞಾನದೇವ ಒಬ್ಬನೇ ತಲೆಯ ಮೇಲೆ ಹೊತ್ತು ತಂದು ಕಟ್ಟೆಯ ಮೇಲೆ ಹಾಕಿದ.

"ನೋಡಿದ್ರೇನು? ಒಬ್ಬನs," ಎಂದಳು ಉಜ್ವಲಾ. "ಇಲ್ಲೇ ಐತಿ ಗುಟ್ಟು."

ಮೊಳೆಗೆ ಸಿಕ್ಕಿದ್ದ ಚೂರನ್ನು ಗಾದಿಯ ಹರಿದ ಮೂಲೆಗೆ ಹಿಡಿದಳು. ಹಲ್ಲಿಗೆ ಹಲ್ಲು ಕೂತಿತು. ಕವರಿನ ಮೇಲೆ ಲಕ್ಕವ್ವ ಸೊಂಟಕ್ಕೆ ಹಚ್ಚುವ ಎಣ್ಣೆಯ ಕಲೆಯೂ ಇತ್ತು.

"ಬಂಗಾರ ಬಿಟ್ಟು ಗಾದಿ ಕದ್ದಾನಂದ್ರ ಅವಗ ಬಂಗಾರಕ್ಕಿಂತ ಗಾದೀದs ಚಿಂತಿ ಇತ್ತು. ಯಾಕ? ಮರುದಿನ ಕಂಪನಿ ಮನಿಶ್ಯಾ ಬಂದು ಅದನ್ನ ನೋಡಾವಿದ್ದ. ನೋಡಿದ್ರ ಯಾರ ಬಣ್ಣ ಬಯಲಾಗತಿತ್ತು? ಕಾಮಣ್ಣನದಲ್ಲ, ಲಕ್ಕವ್ವಂದೂ ಅಲ್ಲ. ಮಾರಿದವಂದು. ನೀವು ಲಗ್ನಕ್ಕ ಹೊಕ್ಕೀರಿ ಅಂತ ಅವಗ ನೀವs ಹೇಳಿದ್ರಿ. ಹಿತ್ತಲ ಅಗುಳಿ ಹೆಂಗೈತಿ ಅಂತ ಗಾದಿ ಹಾಕಾಕ ಬಂದಾಗ ನೋಡ್ಯಾನ. ಸುಂದರಾಬಾಯಿ, ಅವತ್ತ ಗಾದಿ ಒಳಗ ತಂದವರು ಎಷ್ಟ ಮಂದಿ?"

ಸುಂದರಾ ನೆನಪಿಸಿಕೊಂಡಳು. "ಇವನs ರೀ. ತಲಿ ಮ್ಯಾಲ ಇಟಗೊಂಡ ಸರಳ ಬಂದಾ. ಎಷ್ಟ ಗಟ್ಟಿ ಅದಾನಪಾ ಅಂದಿದ್ದೆ."

"ಅವನು ಗಟ್ಟಿ ಇರಲಿಲ್ಲ. ಗಾದಿ ಪೊಳ್ಳಿತ್ತು."

"ಸುಳ್ಳ ರೀ!" ರೂಪೇಶ ಚೀರಿದ. "ಕಂಪನಿ ಸೀಲ್ ಐತಿ. ಜಿಪ್ ತೆಗೀಬ್ಯಾಡ್ರಿ, ತೆಗೆದ್ರ ಗ್ಯಾರಂಟಿ ಹೊಕ್ಕೈತಿ!"

"ಹೋಗ್ಲಿ ಬಿಡೋ ನಿನ್ನ ಗ್ಯಾರಂಟಿ," ಎಂದಳು ಲಕ್ಕವ್ವ. ಕೋಲನ್ನು ಸೊಸೆಯ ಕೈಗಿತ್ತು ಜಿಪ್ಪನ್ನು ಸರ್ರನೆ ಎಳೆದಳು.

ಲ್ಯಾಟೆಕ್ಸ್ ಇಲ್ಲ. ಸ್ಪ್ರಿಂಗೂ ಇಲ್ಲ. ಹಳದಿ ಹಳೇ ಫೋಮಿನ ತುಂಡುಗಳನ್ನು ಅಂಟು ಹಚ್ಚಿ ಜೋಡಿಸಿದ್ದರು. ಬೆಳಕು ಕಂಡದ್ದೇ ರವೆಯಂತೆ ಉದುರತೊಡಗಿತು. ನಡುವೆ ಲಕ್ಕವ್ವನ ಮೈಯ ಅಚ್ಚೇ ಬಿದ್ದಿತ್ತು.

ರೂಪೇಶ ಕಟ್ಟೆಯ ಅಂಚಿಗೆ ಕೂತ. ಅಸಲಿ ಹೊಟ್ಟೆ ತೆಗೆದು ಬೇರೆ ಕಡೆ ಮಾರಿದ್ದನ್ನೂ, ಹಳ್ಳಿ ಮಂದಿಗೇನು ತಿಳಿದೀತು ಎಂದುಕೊಂಡದ್ದನ್ನೂ ಒಪ್ಪಿಕೊಂಡ.

"ಕದ್ದ ಮ್ಯಾಲ ಸುಡಬೇಕಿತ್ತಲ್ಲೋ ಮಾರಾಯ?" ಜ್ಞಾನದೇವನಿಗೆ ಕುತೂಹಲ.

"ಕವರ್ ಅಸಲಿದಿತ್ರಿ," ರೂಪೇಶ ನೆಲ ನೋಡುತ್ತ ಹೇಳಿದ. "ಮತ್ತೊಂದಕ್ಕ ಬರತೈತಿ ಅಂತ ಇಟ್ಟಿದ್ದೆ."

ಅಂಗಳ ಗೊಳ್ಳೆಂದಿತು. ಬಾಬಾಸಾಹೇಬ ಮಾತ್ರ ನಗಲಿಲ್ಲ. ಕಾಮಣ್ಣನ ಎದುರು ಹೋಗಿ ನಿಂತ. ತಲೆಯ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

"ತಪ್ಪಾತೋ ಕಾಕಾ."

"ಊರ ಮುಂದ ಬೈದೀ. ಊರ ಮುಂದs ತಪ್ಪಾತು ಅಂದಿ. ಆತು ಬಿಡು," ಎಂದ ಕಾಮಣ್ಣ.

*

ಕೆಲ ದಿನಗಳಲ್ಲಿ ಕಂಪನಿಯವರು ಅಸಲಿ ಗಾದಿ, ಜೊತೆಗೊಂದು ದಿಂಬು ಕಳಿಸಿದರು. ಗಾದಿಯನ್ನು ಲಾರಿಯಿಂದ ಇಳಿಸಲು ಬಾಬಾಸಾಹೇಬ, ಲಾರಿಯವರು, ಹಾದಿಯಲ್ಲಿ ಹೊರಟಿದ್ದ ಕಾಮಣ್ಣ ಎಲ್ಲ ಕೈಹಚ್ಚಬೇಕಾಯಿತು. ಹೇಳಿಕೆ ಬರೆಸಿಕೊಳ್ಳಲು ಬಂದಿದ್ದ ಉಜ್ವಲಾ ತನ್ನ ಸೊಂಟ ನೆನೆದು ದೂರವೇ ನಿಂತಳು.

ಮಂಚದ ಮೇಲೆ ಗಾದಿ ಹಾಸಿದರು. ಲಕ್ಕವ್ವ ಅನುಮಾನದಿಂದ ಕೋಲಿನ ತುದಿಯಿಂದ ತಿವಿದು ನೋಡಿದಳು.

"ಕಾಮಣ್ಣಾ, ಮೊದಲ ನೀ ಮಲಗು. ನೀ ಹೂಂ ಅಂದ್ರ ನಾ ಮಲಗತೇನಿ."

ಕಾಮಣ್ಣ ಕಾಲು ಝಾಡಿಸಿಕೊಂಡು ಮಲಗಿದ. ಎಡಕ್ಕೆ ಹೊರಳಿದ, ಬಲಕ್ಕೆ ಹೊರಳಿದ. ಅಂಗೈಯಿಂದ ಒತ್ತಿದ. ಎಲ್ಲರೂ ಉಸಿರು ಬಿಗಿಹಿಡಿದು ನೋಡುತ್ತಿದ್ದರು. ವೈರಿಯ ಮಗನಿಗೆ ಮಾರ್ಕು ಹಾಕುವ ಮಾಸ್ತರನಂತೆ ಅವನ ಮುಖ ಗಂಭೀರವಾಗಿತ್ತು.

"ಹೂಂ," ಎಂದ ಕೊನೆಗೆ. "ಗಾದಿ ಖರೇ ಐತಿ."

ಆಮೇಲೆ ತಲೆಯ ಕೆಳಗಿದ್ದ ಕಂಪನಿಯ ದಿಂಬನ್ನು ಎರಡು ಬೆರಳಲ್ಲಿ ಹಿಡಿದೆತ್ತಿ ಬಾಬಾಸಾಹೇಬನ ಕೈಗಿಟ್ಟ.

"ಆದ್ರ ದಿಂಬು ಮಾತ್ರ ನಾ ಹೊಲಿತೇನಿ."