ಜೋಡಿ ಚೀಟಿಗಳ ಪೆಟ್ಟಿಗೆ

ಲಕೋಟೆಯ ಬಾಯಿ ತೆರೆದಿತ್ತು.

ಮೇಡಂ ಅದನ್ನು ಬೀರುವಿನಿಂದ ತೆಗೆದು ಮೇಜಿನ ಮೇಲಿಟ್ಟರು. ಅರಗಿನ ಮುದ್ರೆ ಇದ್ದ ಹಾಗೇ ಇತ್ತು. ಆದರೆ ಇನ್ನೊಂದು ತುದಿಯನ್ನು ಯಾರೋ ಕತ್ತರಿಸಿದ್ದರು. ಒಳಗೆ ಆರು ಪ್ರಶ್ನೆಪತ್ರಿಕೆ ಇರಬೇಕಿತ್ತು. ಎರಡು ಸಲ ಎಣಿಸಿದರು. ಐದೇ ಇದ್ದವು.

ಶನಿವಾರ ಬೆಳಿಗ್ಗೆ ಎಂಟು ಗಂಟೆ. ಹತ್ತಕ್ಕೆ ಪರೀಕ್ಷೆ. ಓದಲು ಬೇಗ ಬಂದಿದ್ದ ಆರು ಜನ ವಿದ್ಯಾರ್ಥಿಗಳೂ ಬೆಂಚಿನ ಮೇಲೆ ಕಲ್ಲಾಗಿ ಕೂತಿದ್ದರು.

ವಿದ್ಯಾರ್ಥಿಗಳು ಎಂದರೆ ಎಳೆಯರಲ್ಲ. ಕೆಲಸಕ್ಕೆ ಹೋಗುವ ಮುಂಚೆ ಒಂದು ಗಂಟೆ ಇಂಗ್ಲಿಷ್ ಕಲಿಯಲು ಬರುವ ದೊಡ್ಡವರು. ಕೆಳಗಿನ ಅಂಗಡಿಯ ಟೈಲರ್. ಬೇಕರಿ ನಡೆಸುವ ಅಕ್ಕ-ತಂಗಿ. ಹೋಟೆಲ್ಲಿನ ಸೂಪರ್‌ವೈಸರ್, ತರಗತಿಗೂ ಟೈ ಕಟ್ಟಿಕೊಂಡೇ ಬರುತ್ತಿದ್ದುದರಿಂದ ಅವನ ಹೆಸರೇ ಟೈ ಆಗಿಹೋಗಿತ್ತು. ಆಸ್ಪತ್ರೆಯ ಆಯಾ. ಆರನೆಯವರು ನಿವೃತ್ತ ಪೊಲೀಸ್ ದಫೇದಾರರು. ಮೂವತ್ತೈದು ವರ್ಷ ಸಾಹೇಬರ ಇಂಗ್ಲಿಷಿಗೆ ತಲೆಯಾಡಿಸಿ ಸುಸ್ತಾದವರು. ಅದರಲ್ಲಿ ಅಷ್ಟು ದಿನ ಏನಿತ್ತೆಂದು ಈಗಲಾದರೂ ತಿಳಿಯೋಣ ಎಂದು ಬರುತ್ತಿದ್ದರು. ಪಿಂಚಣಿ ಬಂದ ಮಾತ್ರಕ್ಕೆ ಕುತೂಹಲ ನಿವೃತ್ತಿಯಾಗುತ್ತದೆಯೇ?

"ಬೀರುವಿನ ಬೀಗದಕೈ ಯಾರ ಹತ್ತಿರ ಇತ್ತು?" ದಫೇದಾರರು ಕೇಳಿದರು.

ಎಲ್ಲರೂ ಆಯಾಳ ಕಡೆ ನೋಡಿದರು.

* * *

ಆಯಾ ಫೀಸು ಕೊಡುತ್ತಿರಲಿಲ್ಲ. ಬದಲಿಗೆ ಕೋಣೆ ಗುಡಿಸಿ, ಬೀರು ನೋಡಿಕೊಳ್ಳುತ್ತಿದ್ದಳು. ಹನ್ನೊಂದು ವರ್ಷದಿಂದ ವಾರ್ಡಿನಲ್ಲಿ ರೋಗಿಗಳ ಮಲಮೂತ್ರ ಎತ್ತಿದವಳಿಗೆ ಈಗ ವಿಚಾರಣೆ ಕೌಂಟರಿನಲ್ಲಿ ಕೂರುವ ಅವಕಾಶ ಬಂದಿತ್ತು. ಸೋಮವಾರದೊಳಗೆ ಈ ಪರೀಕ್ಷೆ ಬರೆದ ಚೀಟಿ ತೋರಿಸಬೇಕು, ಅಷ್ಟೇ. ಇವತ್ತು ತಪ್ಪಿದರೆ ಮತ್ತೆ ಬಕೆಟ್ಟು, ಮತ್ತೆ ಪೊರಕೆ.

ಪರೀಕ್ಷಾ ಮಂಡಳಿಯ ಅಧಿಕಾರಿಗೆ ಮೇಡಂ ಫೋನ್ ಮಾಡಿದರು. ಬೇರೆ ಲಕೋಟೆ ತರುತ್ತೇನೆ, ಆದರೆ ಕಳ್ಳ ಸಿಗದಿದ್ದರೆ ಬೀಗದಕೈ ಇಟ್ಟುಕೊಂಡವರನ್ನು ಪರೀಕ್ಷೆಗೆ ಕೂರಿಸುವ ಹಾಗಿಲ್ಲ ಎಂದು ಆತ ಖಡಾಖಂಡಿತ ಹೇಳಿದ. ಆಯಾಳ ಮುಖದ ಕಳೆ ಇಳಿಯಿತು.

ಟೈ ಎದ್ದು ನಿಂತ. ತರಗತಿಗೆಲ್ಲ ಜಾಣ ಅವನೇ. ಯಾರಿಗೆ ಅನುಮಾನ ಬಂದರೂ ಅವನ ಬೆಂಚಿಗೆ ಹೋಗುತ್ತಿದ್ದರು. ಮೆತ್ತಗೆ ಹೇಳಿದ: "ಪಾಪ, ಕಷ್ಟಕ್ಕೆ ಮಾಡಿರ್ತಾರೆ. ದೊಡ್ಡದು ಮಾಡೋದು ಬೇಡ, ಮೇಡಂ."

ಹೊಡೆದ ಹಾಗೂ ಇಲ್ಲ, ಬಿಟ್ಟ ಹಾಗೂ ಇಲ್ಲ. ದಫೇದಾರರಿಗೆ ಆ ಮಾತು ಅಷ್ಟು ರುಚಿಸಲಿಲ್ಲ.

"ನಾನು ತೆಗೆದಿಲ್ಲ ದಫೇದಾರಣ್ಣ," ಎಂದಳು ಆಯಾ. ಅಳಲಿಲ್ಲ. ಒಂದು ತಪ್ಪು ಮಾತ್ರ ಒಪ್ಪಿಕೊಂಡಳು. ಬೀಗದಕೈಯನ್ನು ಅವಳು ಮನೆಗೆ ಒಯ್ಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಎಲ್ಲಿ ಕಳೆಯುತ್ತದೋ ಎಂಬ ಹೆದರಿಕೆಗೆ ಕಪ್ಪು ಹಲಗೆಯ ಹಿಂದಿನ ಮೊಳೆಗೆ ನೇತುಹಾಕುತ್ತಿದ್ದಳು. ಅದು ಎಲ್ಲರಿಗೂ ಗೊತ್ತಿದ್ದ ಗುಟ್ಟು. ಮಧ್ಯಾಹ್ನ ಅದೇ ಕೋಣೆಯಲ್ಲಿ ಟೈಪಿಂಗ್ ಕ್ಲಾಸು ನಡೆಯುತ್ತದೆ, ಸಂಜೆಯವರೆಗೆ ಬಾಗಿಲು ತೆರೆದೇ ಇರುತ್ತದೆ.

ಅಂದರೆ ಯಾರು ಬೇಕಾದರೂ ಬರಬಹುದಿತ್ತು.

* * *

ದಫೇದಾರರು ಮೊದಲು ಲಕೋಟೆ ನೋಡಿದರು. ಕತ್ತರಿ ಗುರುತು. ಬೇಕರಿಯ ತಂಗಿ ಟೈಲರನ ಕಡೆ ಓರೆನೋಟ ಬೀರಿದಳು. ಟೈಲರ್ ಕೆಂಡವಾದ. ದಫೇದಾರರು ಅವನ ಅಂಗಡಿಯಿಂದ ಕತ್ತರಿ ತರಿಸಿ ಹಳೆ ಕಾಗದ ಕತ್ತರಿಸಿದರು. ಒಂದೇ ಏಟಿಗೆ ಈ ಕೊನೆಯಿಂದ ಆ ಕೊನೆಗೆ ಹೋಯಿತು. ಲಕೋಟೆಯ ಅಂಚಿನಲ್ಲಿ ಐದಾರು ಸಣ್ಣ ಕಚ್ಚುಗಳಿದ್ದವು. ಬೀರುವಿನಲ್ಲೇ ಇದ್ದ ಪುಟ್ಟ ಕತ್ತರಿಯ ಕೆಲಸ. ಟೈಲರನ ಕೋಪ ಇಳಿಯಿತು.

ಆಮೇಲೆ ಬೀರು. ಮೇಲಿನ ಹಲಗೆಯಲ್ಲಿ ಲಕೋಟೆ ಇಟ್ಟಿದ್ದ ಜಾಗ. ಅದರ ಮುಂದೆ ಮುಚ್ಚಳವಿದ್ದ ಮರದ ಪೆಟ್ಟಿಗೆ. ಪೆಟ್ಟಿಗೆ ಎತ್ತದೆ ಲಕೋಟೆ ಕೈಗೆ ಸಿಗುವಂತಿರಲಿಲ್ಲ. ದಫೇದಾರರು ಮಂಡಿಯೂರಿ ಬೀರುವಿನ ಕೆಳಗೆ ಕೈ ತೂರಿಸಿದರು. ಒಂದು ರಟ್ಟಿನ ಚೀಟಿ ಸಿಕ್ಕಿತು. ಅದರ ಮೇಲೆ 'ಟೆಲ್' ಎಂದು ಬರೆದಿತ್ತು.

ಪೆಟ್ಟಿಗೆ ಕೆಳಗೆ ಬಿದ್ದಿದೆ. ಚೀಟಿಗಳು ಚೆಲ್ಲಿವೆ. ಬಿದ್ದವನ್ನು ಯಾರೋ ಆರಿಸಿ ತುಂಬಿದ್ದಾರೆ.

ಅದು ಮೇಡಂ ಅವರ ಪ್ರಾಣದಂಥ ಪೆಟ್ಟಿಗೆ. ಕಲಿಯುವವರು ಒಂದರ ಬದಲು ಇನ್ನೊಂದು ಹೇಳಿ ಎಡವುವ ಇಂಗ್ಲಿಷ್ ಕ್ರಿಯಾಪದಗಳನ್ನೆಲ್ಲ ಚೀಟಿಗಳಲ್ಲಿ ಬರೆದಿಟ್ಟಿದ್ದರು. ತರುವುದಕ್ಕೆ ಬ್ರಿಂಗ್, ಒಯ್ಯುವುದಕ್ಕೆ ಟೇಕ್. ಡೂ ಎಲ್ಲಿ, ಮೇಕ್ ಎಲ್ಲಿ. ಸೇ ಯಾವಾಗ, ಟೆಲ್ ಯಾವಾಗ. ಹೀಗೆ ನಲವತ್ತು ಜೋಡಿ.

ದಫೇದಾರರು ಮುಚ್ಚಳ ತೆರೆದರು. ಬ್ರಿಂಗ್ ಪಕ್ಕದಲ್ಲಿ ಟೇಕ್. ಡೂ ಪಕ್ಕದಲ್ಲಿ ಮೇಕ್. ಅಚ್ಚುಕಟ್ಟಾಗಿ ಜೋಡಿ ಜೋಡಿಯಾಗಿ ಕೂತಿದ್ದವು. ಸೇ ಮಾತ್ರ ಒಂಟಿ.

ಅವರು ಬಹಳ ಹೊತ್ತು ನೋಡಿದರು. ನಂತರ ಮೇಡಂ ಅವರನ್ನು ಪಕ್ಕಕ್ಕೆ ಕರೆದು ಒಂದೇ ಪ್ರಶ್ನೆ ಕೇಳಿದರು. ನಿನ್ನೆ ಶುಕ್ರವಾರ ಈ ಪೆಟ್ಟಿಗೆಯನ್ನು ತರಗತಿಯಲ್ಲಿ ತೆರೆದಿದ್ದಿರಾ? ಇಲ್ಲ ಎಂದರು ಮೇಡಂ. ನಿನ್ನೆ ಬರೀ ಬರವಣಿಗೆ. ಲಕೋಟೆ ಬಂತು, ಎಲ್ಲರ ಎದುರಿಗೆ ಬೀರುವಿನಲ್ಲಿಟ್ಟದ್ದಾಯಿತು, ಅಷ್ಟೇ.

ದಫೇದಾರರು ಮೀಸೆಯಡಿ ನಕ್ಕರು.

* * *

ಒಂಬತ್ತೂವರೆಗೆ ಅಧಿಕಾರಿ ಬಂದ. ದಫೇದಾರರು ಅವನಿಂದ ಕಾಲು ಗಂಟೆ ಬೇಡಿ ಪಡೆದರು. ಎಲ್ಲರನ್ನೂ ಹೊರಗೆ ನಿಲ್ಲಿಸಿ, ಪೆಟ್ಟಿಗೆಯನ್ನು ಮೇಜಿನ ಮೇಲೆ ಬೋರಲು ಹಾಕಿದರು. ಒಬ್ಬೊಬ್ಬರೇ ಒಳಗೆ ಬಂದು ಚೀಟಿಗಳನ್ನು ಮೊದಲಿದ್ದ ಹಾಗೆ ಜೋಡಿಸಬೇಕು. ಹತ್ತು ಜೋಡಿ ಸಾಕು.

ಆಯಾ ಬಂದಳು. ಬ್ರಿಂಗ್ ಅನ್ನು ಪೆಟ್ಟಿಗೆಯ ಮುಂದಿನ ಅರ್ಧದಲ್ಲಿಟ್ಟಳು, ಟೇಕ್ ಅನ್ನು ಹಿಂದಿನ ಅರ್ಧದಲ್ಲಿ. ಟೈಲರ್ ಬಂದು ಹಾಗೆಯೇ ಮಾಡಿದ. ಬೇಕರಿಯ ಅಕ್ಕ, ತಂಗಿ, ಇಬ್ಬರೂ ಹಾಗೆಯೇ.

ಕೊನೆಗೆ ಟೈ. ಅವನ ಕೈ ಚುರುಕಾಗಿತ್ತು. ಬ್ರಿಂಗ್ ಪಕ್ಕ ಟೇಕ್, ಡೂ ಪಕ್ಕ ಮೇಕ್. ಒಂದು ನಿಮಿಷವೂ ಹಿಡಿಯಲಿಲ್ಲ.

"ಬೇಗ ಮಾಡಿದ್ರಿ," ಎಂದರು ದಫೇದಾರರು. "ಇದನ್ನ ಯಾವಾಗ ಮುಟ್ಟಿದ್ರಿ ಕೊನೇ ಸಲ?"

"ಬುಧವಾರ. ಗುರುವಾರ ನಾನು ಬಂದೇ ಇಲ್ವಲ್ಲ, ಡ್ಯೂಟಿ ಇತ್ತು."

"ಅದೇ ತೊಂದರೆ ಆಗಿದ್ದು ನೋಡಿ."

ದಫೇದಾರರು ಬಾಗಿಲು ತೆರೆದು ಎಲ್ಲರನ್ನೂ ಒಳಗೆ ಕರೆದರು.

* * *

"ಅವಳಿ ಮಕ್ಕಳನ್ನ ಒಂದೇ ಬೆಂಚಲ್ಲಿ ಕೂರಿಸಿದ್ರೆ ಯಾರು ಯಾರು ಅಂತ ಯಾವತ್ತೂ ಗೊತ್ತಾಗಲ್ಲ. ಗುರುವಾರ ಮೇಡಂ ಹೇಳಿದ ಮಾತು ಇದು," ಎಂದು ಶುರು ಮಾಡಿದರು ದಫೇದಾರರು.

ಜೋಡಿಯಾಗಿ ಕಲಿಸಿದ್ದರಿಂದಲೇ ಎಲ್ಲರ ತಲೆಯಲ್ಲೂ ಕಲಸುಮೇಲೋಗರವಾಗಿದೆ ಎಂದು ಮೇಡಂ ಅವರಿಗೆ ಅಂದು ಅನ್ನಿಸಿತ್ತು. ಒಂದನ್ನು ಚೆನ್ನಾಗಿ ಕಲಿಯಿರಿ, ಅದು ಗಟ್ಟಿಯಾದ ಮೇಲೆ ಇನ್ನೊಂದು ಎಂದು ಹೇಳಿ, ತರಗತಿಯ ಗಂಟೆ ಪೂರ್ತಿ ಕೂರಿಸಿ ಎಲ್ಲ ಜೋಡಿಗಳನ್ನೂ ಬೇರ್ಪಡಿಸಿದ್ದರು. ಮುಂದಿನ ಅರ್ಧದಲ್ಲಿ ಒಂದು, ಹಿಂದಿನ ಅರ್ಧದಲ್ಲಿ ಇನ್ನೊಂದು. ಆ ಕೆಲಸದಲ್ಲಿ ಎಲ್ಲರಿಗಿಂತ ಹೆಚ್ಚು ದುಡಿದವಳು ಆಯಾ.

ಇವತ್ತು ಬೆಳಿಗ್ಗೆ ನೋಡಿದರೆ, ಜಗಳವಾಡಿ ಪಾಲಾಗಿದ್ದ ಅಣ್ಣತಮ್ಮಂದಿರೆಲ್ಲ ಮತ್ತೆ ಒಂದಾಗಿದ್ದರು. ಕದ್ದವನ ಕೈಯಿಂದ ಪೆಟ್ಟಿಗೆ ಜಾರಿ ಬಿದ್ದಿತ್ತು. ಬರೀ ಕಳ್ಳನಾಗಿದ್ದರೆ ಹೇಗೆಂದರೆ ಹಾಗೆ ತುರುಕಿ ಹೋಗುತ್ತಿದ್ದ. ಇವನು ಒಳ್ಳೆಯ ವಿದ್ಯಾರ್ಥಿ. ಕೂತು, ಒಂದೊಂದನ್ನೂ ತನಗೆ ಗೊತ್ತಿದ್ದ ಜಾಗಕ್ಕೇ ಸೇರಿಸಿದ. ಅವನಿಗೆ ಗೊತ್ತಿದ್ದುದು ಬುಧವಾರದ ಜಾಗ.

"ಆಯಮ್ಮ ಆಗಿದ್ರೆ ಗುರುವಾರದ ಥರ ಇಡ್ತಿದ್ರು. ಗುರುವಾರ ಬರದೇ ಇದ್ದವರು ಒಬ್ಬರೇ."

ಟೈ ಒಳಜೇಬಿನಿಂದ ಮಡಚಿದ ಕಾಗದ ತೆಗೆದು ಮೇಜಿನ ಮೇಲಿಟ್ಟ. ಕಾಣೆಯಾದ ಪ್ರಶ್ನೆಪತ್ರಿಕೆ. ದಫೇದಾರರು ಬಿಡಿಸಿ ನೋಡಿದರು. ಪ್ರತಿ ಖಾಲಿ ಜಾಗದಲ್ಲೂ ಪೆನ್ಸಿಲಿನಿಂದ ಒಂದು ಪದ ಬರೆದು, ಅಳಿಸಿ, ಇನ್ನೊಂದು ಬರೆದು, ಅದನ್ನೂ ಅಳಿಸಿದ್ದ. ಉಜ್ಜಿ ಉಜ್ಜಿ ಕೆಲವು ಕಡೆ ಕಾಗದ ತೂತಾಗಿತ್ತು. ಪ್ರಶ್ನೆಗಳು ಕೈಗೆ ಸಿಕ್ಕಿದ್ದರೂ ಉತ್ತರ ಅವನಿಗೆ ಸಿಕ್ಕಿರಲಿಲ್ಲ.

"ಎಲ್ರೂ ನನ್ನೇ ಕೇಳೋರು," ಎಂದ ಟೈ, ನೆಲ ನೋಡುತ್ತ. "ನಾನು ಅಂದಾಜಿಗೆ ಹೇಳ್ತಿದ್ದೆ. ಕಡಿಮೆ ಮಾರ್ಕ್ಸ್ ಬಂದ್ರೆ ಮುಖ ಎಲ್ಲಿಡಲಿ ಅನ್ನಿಸ್ತು."

ಬೈಯಲು ಮುಂದೆ ಬಂದ ಟೈಲರ್ ಹಿಂದೆ ಸರಿದ. ದಫೇದಾರರು ಎಷ್ಟೋ ಕಳ್ಳರನ್ನು ಹಿಡಿದಿದ್ದರು. ಹಿಡಿದ ಮೇಲೆ ಇಷ್ಟು ಸಂಕಟವಾದದ್ದು ಇದೇ ಮೊದಲು.

ಅಧಿಕಾರಿ ಟೈನ ಹೆಸರನ್ನು ಪಟ್ಟಿಯಿಂದ ಹೊಡೆದುಹಾಕಿ, ಹೊಸ ಲಕೋಟೆಯ ಅರಗು ಒಡೆದ. ನಾಲ್ಕು ಜನ ತಮ್ಮ ತಮ್ಮ ಬೆಂಚಿಗೆ ನಡೆದರು. ಆಯಾ ಮಾತ್ರ ಬಾಗಿಲ ಬಳಿ ನಿಂತಳು. ಟೈ ಅವಳಿಗೆ ಮುಖ ಕೊಡದೆ ದಾಟಿಹೋಗಲು ನೋಡಿದ.

"ನನಗೂ ಬರಲ್ಲ ಅಂತ ಒಂದು ಸಲ ಹೇಳಿದ್ರೆ ಸಾಕಿತ್ತಣ್ಣ," ಎಂದಳು ಅವಳು. "ಬರದೇ ಇರೋರೇ ಅಲ್ವಾ ನಾವೆಲ್ಲ ಇಲ್ಲಿ ಸೇರಿರೋದು?"

ಉತ್ತರಕ್ಕೆ ಅವಳು ಕಾಯಲಿಲ್ಲ. ಗಂಟೆ ಹತ್ತಾಗಿತ್ತು. ಒಳಗೆ ಬಂದು, ಕೂತು, ಪ್ರಶ್ನೆಪತ್ರಿಕೆಯ ಮೇಲೆ ತನ್ನ ಹೆಸರು ಬರೆದಳು.